ಬೆಟ್ಟದ ಸ್ವಾಮಿಯ ಹೆಸರು

ನಮ್ಮ ಗವಿಗುಡ್ಡ ಕರಡಿಧಾಮದ ಆಫೀಸಿನಲ್ಲಿ ರೇಂಜರ್ ಸಾಹೇಬರು ಹೇಳಿದ್ದನ್ನು ನಾವು ಕೇಳಿಸಿಕೊಳ್ಳುತ್ತಿದ್ದೆವು, ಪ್ರೇಮಲತಾ ಮೇಡಂ ಹೇಳಿದ್ದನ್ನು ಮಾಡುತ್ತಿದ್ದೆವು. ಆಕೆ ದೊಡ್ಡ ಅಧಿಕಾರಿಯೇನಲ್ಲ, ವೈರ್‌ಲೆಸ್ ಆಪರೇಟರ್. ಆದರೆ ದೇವಸಮುದ್ರದ ಕಡೆಯಿಂದ ಹಿಡಿದು ಮೊಳಕಾಲ್ಮೂರಿನವರೆಗೆ ಯಾರಿಗೆ ಗುಡ್ಡದಲ್ಲಿ ಏನು ಆಪತ್ತು ಬಂದರೂ ಮೊದಲು ಗಂಟೆ ಬಾರಿಸುತ್ತಿದ್ದುದು ಆಕೆಯ ಮೇಜಿನ ಮೇಲಿನ ಫೋನು. ಶೇಂಗಾ ಹೊಲಕ್ಕೆ ಕರಡಿ ನುಗ್ಗಿದೆ, ಬಾದೆ ಹುಲ್ಲಿಗೆ ಬೆಂಕಿ ಬಿದ್ದಿದೆ, ಕುರಿ ಕಾಯುವವನು ಬಂಡೆಯಿಂದ ಜಾರಿದ್ದಾನೆ, ಎಲ್ಲಾ ಅಲ್ಲಿಗೇ ಬರುತ್ತಿತ್ತು. ಆಕೆ ಫೋನು ಇಟ್ಟು ವೈರ್‌ಲೆಸ್ ಕೈಗೆತ್ತಿಕೊಂಡು ಗುಡ್ಡದ ಮೇಲಿನ ವಾಚರುಗಳಿಗೂ ನನ್ನ ಜೀಪಿಗೂ ಸುದ್ದಿ ಮುಟ್ಟಿಸುತ್ತಿದ್ದರು. ಯಾರು ಎಲ್ಲಿಗೆ ಓಡಬೇಕು, ಯಾವಾಗ ವಾಪಸ್ ಬರಬೇಕು ಎಂಬುದು ಆಕೆಯ ಬಾಯಿಂದಲೇ ಬರಬೇಕಿತ್ತು. ಆಗಿನ್ನೂ ತೊಂಬತ್ತೊಂಬತ್ತನೇ ಇಸವಿ, ನಮ್ಮ ಕಡೆ ಮೊಬೈಲ್ ಫೋನನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ.

ನಾನು ಜೀಪಿನ ಡ್ರೈವರ್, ಮಹಾಂತೇಶ. ಜೀಪು ಇಲಾಖೆಯದು, ಅದನ್ನು ತಳ್ಳುವ ರಟ್ಟೆ ಮಾತ್ರ ನನ್ನದು. ವೈರ್‌ಲೆಸ್ಸಿನಲ್ಲಿ ನನ್ನ ಹೆಸರು ‘ಮೊಬೈಲ್’. ಪ್ರೇಮಲತಾ ‘ಕಂಟ್ರೋಲ್’. ಡ್ಯೂಟಿ ಇಲ್ಲದಾಗ ನಾನು ಕಂಟ್ರೋಲಿನ ಕೋಣೆಯಲ್ಲೇ ಟೀ ಕುಡಿಯುತ್ತಾ ಕೂತಿರುತ್ತಿದ್ದೆ. ಅಲ್ಲೊಂದು ಫ್ಯಾನಿತ್ತು, ಅದೂ ಒಂದು ಕಾರಣ.

ಪ್ರೇಮಲತಾ ಚಳ್ಳಕೆರೆಯವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅವರ ಯಜಮಾನರು ಅಲ್ಲೇ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್, ಹೆಸರು ಪ್ರಭು. ಈ ಹೆಸರು ನನಗೆ ಗೊತ್ತಾಗಿದ್ದು ಅವರೇ ಒಂದು ದಿನ ಹೆಂಡತಿಯನ್ನು ಕರೆದೊಯ್ಯಲು ಬಂದಾಗ, ಅವರ ಬಾಯಿಂದಲೇ. ಪ್ರೇಮಲತಾ ಜಪ್ಪಯ್ಯ ಅಂದರೂ ಹೇಳಿದವರಲ್ಲ.

“ಯಾರ ಫೋನು ಪ್ರೇಮಕ್ಕ?” ಎಂದು ಬೇಕಂತಲೇ ಕೇಳುತ್ತಿದ್ದೆ.

“ಮನೆಯಿಂದ.”

“ಮನೆಗೆ ಹೆಸ್ರಿಲ್ವಾ?”

“ಹೋಗಣ್ಣ ಸುಮ್ನೆ, ಜೀಪ್ ಒರ್ಸ್ಕೋ ಹೋಗು.”

ವಾಚರ್ ಗಾದ್ರಪ್ಪನ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಪೀಡಿಸಿದಾಗ, ಆಕೆ ಒಡಪನ್ನೆಲ್ಲ ರಾಗವಾಗಿ ಹೇಳಿ ಕೊನೆಗೆ ಹೆಸರು ಬರುವ ಹೊತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿಬಿಟ್ಟಿದ್ದರು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಮ್ಮ ಕಡೆ ಹೆಂಗಸರು ನಂಬಿದ್ದಾರೆ. ಪಿಯುಸಿ ಓದಿ ಸರ್ಕಾರಿ ಕೆಲಸದಲ್ಲಿದ್ದ ಪ್ರೇಮಲತಾ ಕೂಡ ನಂಬಿದ್ದರು. ನಾನು ಆಡಿಕೊಳ್ಳುತ್ತಿದ್ದೆ, ನಿಜ. ಆದರೆ ನನ್ನ ಹೆಂಡತಿ ನನ್ನನ್ನು ‘ಇವ್ರೇ’ ಎಂದು ಕರೆಯುವಾಗ ನನಗೇನೂ ಬೇಜಾರಾಗುತ್ತಿರಲಿಲ್ಲ. ಗಂಡಸರ ಬುದ್ಧಿಯೇ ಹಾಗೆ.

ಆಗ ಸೀತಾಫಲದ ಕಾಲ. ಗುಡ್ಡದ ತುಂಬ ಹಣ್ಣು. ಮನುಷ್ಯರಿಗೂ ಅದೇ ಬೇಕು, ಕರಡಿಗೂ ಅದೇ ಬೇಕು. ಧಾಮದೊಳಗೆ ಹಣ್ಣು ಕೀಳಬಾರದು ಎಂದು ಇಲಾಖೆ ಬೋರ್ಡು ಹಾಕಿತ್ತು. ಜನ ಆ ಬೋರ್ಡಿಗೇ ಚೀಲ ನೇತುಹಾಕಿ ಹಣ್ಣು ಕೀಳುತ್ತಿದ್ದರು. ಆ ಮಧ್ಯಾಹ್ನ ಊಟ ಮುಗಿಸಿ ನಾನು ಫ್ಯಾನಿನ ಕೆಳಗೆ ಕಾಲು ಚಾಚಿದ್ದಾಗ ಫೋನು ಬಂತು. ಸಿದ್ದಾಪುರದ ಎಸ್‌ಟಿಡಿ ಬೂತಿನ ಕಾಮಣ್ಣ ಮಾತಾಡುತ್ತಿದ್ದ. ಯಾರೋ ಕೂಲಿ ಹೆಂಗಸು ಬಂದಿದ್ದಾಳೆ, ಈ ವರ್ಷವಷ್ಟೇ ಶೇಂಗಾ ಕೆಲಸಕ್ಕೆ ಬಂದು ಹೊಲದ ಗುಡಿಸಲಿನಲ್ಲಿ ಇರುವವರು, ತನಗೆ ಅಷ್ಟಾಗಿ ಪರಿಚಯವಿಲ್ಲ, ನೀವೇ ಮಾತಾಡಿ ಎಂದು ಅವಳ ಕೈಗೆ ಫೋನು ಕೊಟ್ಟ.

ಅವಳು ಅದಕ್ಕೆ ಮೊದಲು ಫೋನಿನಲ್ಲಿ ಮಾತಾಡಿದವಳಲ್ಲ. ಗುಡ್ಡದಿಂದ ಗುಡ್ಡಕ್ಕೆ ಕೂಗುವಂತೆ ಕೂಗುತ್ತಿದ್ದಳು. ಮೇಜಿನ ಈ ಬದಿಯಲ್ಲಿದ್ದ ನನಗೂ ಒಂದೊಂದು ಮಾತೂ ಕೇಳುತ್ತಿತ್ತು.

“ಅವ್ವಾ, ನಾನು ಮುದ್ದಕ್ಕ. ನಮ್ಮನೆಯವ್ರು ನಸುಕಿನಾಗೆ ಸೀತಾಫಲಕ್ಕೆ ಗುಡ್ಡ ಹತ್ತಿದೋರು ಇನ್ನಾ ಬಂದಿಲ್ಲ ಕಣವ್ವಾ. ಉಣ್ಣೋ ಹೊತ್ತಿಗೆ ಬರ್ತೀನಿ ಅಂದಿದ್ರು. ಗವಿ ತಾವ ಕರಡಿ ಒದರಿದ್ದು ಕೇಳ್ತು ಅಂತಾರೆ ಕುರಿಯೋರು.”

“ಗಾಬ್ರಿ ಆಗ್ಬೇಡಮ್ಮ. ಯಾವ ಕಡೆಯಿಂದ ಹತ್ತಿದ್ರು? ಏನು ಹಾಕ್ಕೊಂಡಿದ್ರು?”

“ಹೊಲದ ಹಿಂದ್ಲಿಂದ. ಬಿಳೀ ಬನೀನು, ತಲೆಗೆ ಟವಲ್ಲು, ಹೆಗಲ ಮ್ಯಾಲೆ ಚೀಲ.”

ಆ ದಿನಗಳಲ್ಲಿ ಗುಡ್ಡ ಹತ್ತಿದ ಗಂಡಸರೆಲ್ಲ ಬಿಳಿ ಬನಿಯನ್ನು, ಟವಲು, ಚೀಲದವರೇ. ಪ್ರೇಮಲತಾ ಪೆನ್ನು ಹಿಡಿದುಕೊಂಡು ಕೇಳಿದರು:

“ಹೆಸರೇನಮ್ಮ ಅವರದು?”

ಅಷ್ಟು ಹೊತ್ತು ಕೂಗುತ್ತಿದ್ದವಳು ಸುಮ್ಮನಾದಳು. ಲೈನ್ ಹೋಯಿತೇನೋ ಎಂದು ಪ್ರೇಮಲತಾ ಹಲೋ ಹಲೋ ಎಂದರು. ಆಮೇಲೆ ಮೆಲ್ಲಗೆ, ನಾಚಿಕೊಂಡಂತೆ ದನಿ ಬಂತು.

“ಅದೇ ಕಣವ್ವಾ… ಬೆಟ್ಟದ ಮ್ಯಾಗಿನ ಸಾಮಿ ಹೆಸ್ರು.”

ಪ್ರೇಮಲತಾ ಅವರ ಮುಖದಲ್ಲಿ ಒಂದು ನಗೆ ಬಂತು. ಗಂಡ ಸಿಕ್ಕಿಲ್ಲ ಎಂದು ಅಳುವ ಹೊತ್ತಿನಲ್ಲೂ ಗಂಡನ ಆಯುಷ್ಯ ಕಾಯುತ್ತಿದ್ದಾಳಲ್ಲ ಎಂಬ ಪ್ರೀತಿಯ ನಗೆ ಅದು.

“ತಿಳೀತು ಬಿಡಮ್ಮ, ನೀನು ಹೇಳ್ಬೇಡ. ಅಲ್ಲೇ ಬೂತ್ ಹತ್ರ ಇರು, ನಾನು ತಿಳಿಸ್ತೀನಿ.”

ಸಿದ್ದಾಪುರದಲ್ಲಿ ನಿಂತು ಬೆಟ್ಟದ ಸ್ವಾಮಿ ಅಂದರೆ ಇನ್ಯಾರು? ತಲೆಯೆತ್ತಿದರೆ ಬೆಟ್ಟದ ತುದಿಯಲ್ಲಿ ಜಟಿಂಗ ರಾಮೇಶ್ವರನ ಗುಡಿಯೇ. ಆ ಸೀಮೆಯಲ್ಲಿ ಮನೆಗೊಬ್ಬ ರಾಮಪ್ಪ, ರಾಮೇಶ, ರಾಮೇಶಪ್ಪ. ‘ರಾಮೇಶಪ್ಪನಾ?’ ಎಂದು ಒಂದು ಮಾತು ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ಅದನ್ನು ಅಸಡ್ಡೆ ಅಂದವರ ಮೇಲೆ ನಾನು ಇವತ್ತಿಗೂ ಜಗಳಕ್ಕೆ ಹೋಗುತ್ತೇನೆ. ಒಬ್ಬ ಹೆಂಗಸು ಮುಚ್ಚಿಟ್ಟುಕೊಂಡ ಹೆಸರನ್ನು ಇನ್ನೊಬ್ಬ ಹೆಂಗಸು ಅವಳ ಎದುರಿಗೆ ಬಿಚ್ಚಬಾರದು ಎಂದುಕೊಂಡರು, ಅಷ್ಟೆ. ಅದು ಮರ್ಯಾದೆ.

“ಗವಿಗುಡ್ಡ ಕ್ಯಾಂಪ್, ಕಂಟ್ರೋಲ್ ಮಾತಾಡ್ತಿರೋದು. ರಾಮೇಶಪ್ಪ ಅಂತ, ಗಂಡಸು, ಹಣ್ಣಿಗೆ ಹೋದೋರು, ಬೆಳಿಗ್ಗೆಯಿಂದ ಕಾಣ್ತಿಲ್ಲ. ಗವಿ ಹತ್ರ ಕರಡಿ ಇರೋ ಸುದ್ದಿ ಐತೆ, ಹುಷಾರು. ನೀವು ಮೇಲಿಂದ ಇಳೀರಿ. ಮೊಬೈಲ್ ಕೆಳಗಿಂದ ಬರ್ತಾರೆ. ಓವರ್.”

ಅಷ್ಟರಲ್ಲಿ ನಾನು ಜೀಪು ಸ್ಟಾರ್ಟ್ ಮಾಡಿದ್ದೆ. ಇಬ್ಬರು ವಾಚರುಗಳನ್ನು ಹತ್ತಿಸಿಕೊಂಡು ಗುಡ್ಡದ ಬುಡದ ಬಂಡಿದಾರಿ ಹಿಡಿದೆ. ಬಂಡೆಗಳ ನಡುವೆ ಜೀಪು ಹೋಗುವಷ್ಟು ಹೋಗಿ, ಇನ್ನು ಆಗದು ಎನ್ನುವಲ್ಲಿ ನಿಲ್ಲಿಸಿ, ಹಾರ್ನ್ ಬಾರಿಸಿದೆವು. ಮೂವರೂ ಬಾಯಿಗೆ ಕೈಯಿಟ್ಟು ಕೂಗಿದೆವು.

“ರಾಮೇಶಪ್ಪೋ… ಓ ರಾಮೇಶಪ್ಪಾ!”

ನಮ್ಮ ಕೂಗೇ ಬಂಡೆಗೆ ಬಡಿದು ವಾಪಸ್ ಬಂತು. ಸುತ್ತ ಜಾಲಿ, ಕಾರೆ, ಸೀತಾಫಲದ ಪೊದೆ. ಒಳಗೆ ನಡೆದು ಹುಡುಕಲು ಶುರು ಮಾಡಿದ್ದೆವು, ಅಷ್ಟರಲ್ಲಿ ಜೀಪಿನ ವೈರ್‌ಲೆಸ್ ಸೆಟ್ಟು ಕರಕರ ಅಂದಿತು. ಮೇಲಿನಿಂದ ಇಳಿಯುತ್ತಿದ್ದ ಗಾದ್ರಪ್ಪ. ಅವನ ತಾಯಿಭಾಷೆ ತೆಲುಗು, ಖುಷಿಯಾದಾಗ ಕನ್ನಡದ ನಡುವೆ ಅದು ಬಂದುಬಿಡುತ್ತಿತ್ತು.

“ಕಂಟ್ರೋಲ್, ಕಂಟ್ರೋಲ್! ದೊರಿಕಿನಾಡು ಮೇಡಂ, ಸಿಕ್ಕಿದ! ಹೆಸ್ರು ಕೇಳ್ದೆ, ರಾಮೇಶಪ್ಪನೇ ಅಂತೆ. ಕಾಲು ಉಳುಕಿ ಬಂಡೆ ಮ್ಯಾಲೆ ಕುಂತಿದ್ದ. ಓವರ್.”

“ಕರಡಿ ಏನಾದ್ರೂ ಮುಟ್ಟೈತಾ? ಓವರ್.”

“ಏಮೀ ಲೇದು ಮೇಡಂ, ಗಟ್ಟಿಯಾಗವ್ನೆ. ಆ ಕಡೆ ರೋಡಿಗೆ ಇಳ್ಸಿ ಬಸ್ ಹತ್ತುಸ್ತೀನಿ. ಓವರ್.”

ಪ್ರೇಮಲತಾ ಅವರ ದನಿ ಹಗುರವಾಗಿತ್ತು. “ಮೊಬೈಲ್, ಕೇಳಿದ್ರಲ್ಲ? ಮನುಷ್ಯ ಸಿಕ್ಕಿದಾರೆ. ವಾಪಸ್ ಬನ್ನಿ. ಓವರ್.”

ನಾನು ಜೀಪು ತಿರುಗಿಸಿದೆ. ಇನ್ನೂ ಬೆಳಕಿತ್ತು, ಬೇಗ ಮನೆ ಸೇರಬಹುದು ಎಂದು ನನಗೆ ಸಂತೋಷವೇ ಆಗಿತ್ತು. ವಾಚರುಗಳು ಹೋಗುತ್ತಾ ನಾಲ್ಕು ಸೀತಾಫಲ ಕಿತ್ತು ಜೀಪಿಗೆ ಹಾಕಿದರು. ಬೋರ್ಡು ನಮಗೂ ಅಷ್ಟಕ್ಕಷ್ಟೇ.

ಸಂಜೆ ಪ್ರೇಮಲತಾ ಅವರನ್ನು ಬಸ್ ಸ್ಟಾಪಿಗೆ ಬಿಡುವಾಗ ಆಕೆ ಅದನ್ನೇ ಹೇಳುತ್ತಿದ್ದರು. ಬೂತಿಗೆ ಫೋನು ಮಾಡಿ ‘ನಿಮ್ಮವರು ಸಿಕ್ಕಿದಾರಮ್ಮ’ ಅಂದಾಗ ಮುದ್ದಕ್ಕ ಅಳುವುದೋ ನಗುವುದೋ ತಿಳಿಯದೆ ‘ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವಾ, ನಿನ್ನ ಮಾಂಗಲ್ಯ ಗಟ್ಟಿಯಾಗಿರ್ಲಿ’ ಎಂದು ಹರಸಿದಳಂತೆ.

“ಮನೆಗೆ ಹೋಗಿ ಬಿಸಿ ಬಿಸಿ ಅಡುಗೆ ಮಾಡಿಡಮ್ಮ, ಹಸ್ಕೊಂಡು ಬರ್ತಾರೆ ಅಂದೆ ಕಣಣ್ಣ,” ಎಂದು ಪ್ರೇಮಲತಾ ನಕ್ಕರು. ನಾಲ್ಕು ಸೀತಾಫಲದಲ್ಲಿ ಎರಡನ್ನು ಅವರಿಗೆ ಕೊಟ್ಟೆ. ಬಸ್ಸಿನ ಕಿಟಕಿಯಿಂದ ಕೈಬೀಸಿ ಹೋದರು.

ಮಾರನೇ ಬೆಳಿಗ್ಗೆ ನಾನು ಆಫೀಸಿಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಅದರ ಮೇಲೆ ಒಗೆದು ಮಡಿಸಿದ ಒಂದು ಅಂಗಿ.

“ನಿನ್ನೆ ಫೋನಾಗೆ ಮಾತಾಡಿದ ಅವ್ವ ಎಲ್ಲದಾಳೆ ಅಣ್ಣಾ?”

ದನಿಯಿಂದಲೇ ಗುರುತು ಸಿಕ್ಕಿತು. ಈಗ ಬಸ್ಸಿಗೆ ಬರುತ್ತಾರೆ ಎಂದೆ. ಇವಳು ಥ್ಯಾಂಕ್ಸ್ ಹೇಳಲು ರೊಟ್ಟಿ ತಂದಿದ್ದಾಳೆ ಎಂದುಕೊಂಡ ನಾನು ಎಂಥ ಪೆದ್ದ! ಪ್ರೇಮಲತಾ ಬಸ್ಸಿಳಿದು ಬಂದರು. ಮುದ್ದಕ್ಕ ಎದ್ದು ನಿಂತು ಕೈ ಮುಗಿದಳು.

“ಅವ್ವಾ, ನಮ್ಮನೆಯವ್ರನ್ನ ಒಂದೀಟು ಕರೀರಿ. ರೊಟ್ಟಿ ತಂದೀನಿ.”

“ಯಾಕಮ್ಮ? ರಾತ್ರಿ ಮನೆಗೆ ಬರ್ಲಿಲ್ವಾ?”

“ಇಲ್ಲವ್ವಾ. ಹಣ್ಣು ಕಿತ್ತಿದ್ದಕ್ಕೆ ದಂಡ ಗಿಂಡ ಅಂತ ನೀವೇ ಇಲ್ಲಿ ಕೂರಿಸ್ಕಂಡಿರಾ ಅನ್ಕಂಡೆ. ಬಡವ್ರವ್ವಾ, ಇದೊಂದ್ಸಲ ಬಿಟ್ಟುಬಿಡ್ರಿ.”

ಪ್ರೇಮಲತಾ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ರಾಮೇಶಪ್ಪನವರು ತಾನೇ ಅಮ್ಮ?”

“ಯಾವ ರಾಮೇಶಪ್ಪ?”

ಪ್ರೇಮಲತಾ ಕಂಬ ಹಿಡಿದುಕೊಂಡರು.

“ಬೆಟ್ಟದ ಸ್ವಾಮಿ ಹೆಸರು ಅಂದ್ಯಲ್ಲಮ್ಮ…”

“ಹೂನವ್ವಾ. ಬೆಟ್ಟದ ಸಾಮಿ ಹೆಸ್ರೇ. ಈ ಬೆಟ್ಟ ಅಲ್ಲ, ನಮ್ಮೂರ ಬೆಟ್ಟ. ಮೊಳಕಾಲ್ಮೂರು ಪ್ಯಾಟೆ ತಾವ ಐತಲ್ಲ, ಆ ಸಾಮಿ. ನಮ್ಮ ಮನೆದೇವ್ರು.”

ಗಂಡನ ಹೆಸರು ಬೆಟ್ಟಕ್ಕೂ ಇದೆ ಎಂದು ಆ ಬೆಟ್ಟದ ಹೆಸರನ್ನೂ ಹೇಳದೆ ಬದುಕಿದ್ದಳು ಪುಣ್ಯಾತ್ಗಿತ್ತಿ. ನನಗೆ ಸಿಟ್ಟು ನೆತ್ತಿಗೇರಿತು. “ಬಾಯಿ ಬಿಟ್ಟು ಹೇಳಮ್ಮಾ! ಮನುಷ್ಯ ಗುಡ್ಡದಾಗೇ ಅವನೆ ಇನ್ನಾ!” ಎಂದು ಚೀರಿದೆ. ಅವಳು ಬೆಚ್ಚಿ ಗೋಡೆಗೆ ಸರಿದಳು. ತುಟಿ ಅಲುಗಿತು, ಹೆಸರು ಬರಲಿಲ್ಲ. ಪ್ರೇಮಲತಾ ನನ್ನನ್ನು ತಡೆದು ಅವಳ ಹತ್ತಿರ ಹೋಗಿ, ಮೊಳಕಾಲ್ಮೂರಿನ ಆ ಬೆಟ್ಟದ ಸ್ವಾಮಿಯ ಹೆಸರು ಹಿಡಿದು ಮೆಲ್ಲಗೆ ಕೇಳಿದರು.

“ನುಂಕಪ್ಪನಾ?”

ಅವಳು ಸೆರಗು ಬಾಯಿಗಿಟ್ಟುಕೊಂಡು ಹೌದೆಂದು ತಲೆಯಾಡಿಸಿದಳು.

ಗಾದ್ರಪ್ಪನಿಗೆ ಸಿಕ್ಕಿದ್ದ ರಾಮೇಶಪ್ಪ ರಾಮಸಾಗರದ ಕಡೆಯವನು, ಅವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಿನ್ನ ಹೆಂಡತಿ ಕಾಯುತ್ತಿದ್ದಾಳೆ ಎಂದು ಗಾದ್ರಪ್ಪ ಒಂದು ಮಾತು ತಮಾಷೆಗಾದರೂ ಆಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಬೇರೆ ದಿನಗಳಲ್ಲೆಲ್ಲ ಬಾಯಿ ಮುಚ್ಚದ ಅವನು ಅವತ್ತು ಬರೀ ಬಸ್ಸಿನ ಬಗ್ಗೆ ಮಾತಾಡಿದ್ದ.

ಪ್ರೇಮಲತಾ ಸೆಟ್ಟಿನ ಮುಂದೆ ಕೂತು ಎಲ್ಲಾ ಕ್ಯಾಂಪಿಗೂ ಸುದ್ದಿ ಕೊಟ್ಟರು. ಈ ಸಲ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಆಕೆ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಮುದ್ದಕ್ಕ ಮಾತ್ರ ನಾನು ಬೇಡ ಅಂದರೂ ಜೀಪು ಹತ್ತಿದಳು. ರೊಟ್ಟಿ, ಅಂಗಿ ಎರಡೂ ಅವಳ ಕೈಯಲ್ಲೇ ಇದ್ದವು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಗುಡ್ಡದಲ್ಲಿ ಎಲ್ಲೋ ಮಲಗಿರುತ್ತಾರೆ, ಅವರಿಗೆ ನಿದ್ದೆ ಜಾಸ್ತಿ, ಎಬ್ಬಿಸುವವರು ಬೇಕು ಎಂದು ನನಗೇ ಧೈರ್ಯ ಹೇಳುತ್ತಿದ್ದಳು.

ಹಿಂದಿನ ದಿನ ಜೀಪು ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸಿದೆ. ನಾವೆಲ್ಲ “ನುಂಕಪ್ಪೋ!” ಎಂದು ಕೂಗುತ್ತಾ ಒಳಗೆ ಹೊರಟೆವು. ಅವಳು ನಮ್ಮ ಹಿಂದೆಯೇ “ಏನ್ರೀ… ಓ ಇವ್ರೇ… ಎಲ್ಲದೀರಿ?” ಎಂದು ಕೂಗುತ್ತಾ ಬರುತ್ತಿದ್ದಳು. ಅಷ್ಟಾದರೂ ಅವನ ಹೆಸರು ಹಿಡಿದು ಕರೆಯಲಿಲ್ಲ. ಬದುಕಿದ್ದಾನೆ ಎಂದೇ ಅವಳ ಲೆಕ್ಕ.

ಬಹಳ ದೂರ ಹೋಗಬೇಕಾಗಲಿಲ್ಲ. ಜೀಪು ತಿರುಗಿಸಿದ ಜಾಗದಿಂದ ಒಂದು ಕೂಗಿನಷ್ಟೂ ದೂರವಿಲ್ಲ, ಕಾರೆ ಪೊದೆಯ ಆಚೆ ಬಂಡೆಗೆ ಒರಗಿದ್ದ. ತೊಡೆಯನ್ನು ಕರಡಿ ಸೀಳಿತ್ತು. ತಲೆಯ ಟವಲು ಬಿಚ್ಚಿ ತಾನೇ ಬಿಗಿದು ಕಟ್ಟಿಕೊಂಡಿದ್ದ. ಗವಿಯ ಕಡೆಯಿಂದ ಅಲ್ಲಿಯವರೆಗೂ ತೆವಳಿಕೊಂಡು ಬಂದ ಗುರುತು ನೆಲದ ಮೇಲಿತ್ತು. ನನ್ನ ಹಾರ್ನ್ ಕೇಳಿ ಆ ಕಡೆಗೇ ಬಂದಿದ್ದಾನೆ. ನಾವು ಯಾರೋ ರಾಮೇಶಪ್ಪನನ್ನು ಕರೆಯುತ್ತಿದ್ದೇವೆ ಎಂದುಕೊಂಡನೋ, ಹಣ್ಣು ಕಿತ್ತದ್ದಕ್ಕೆ ಹಿಡಿಯುತ್ತಾರೆ ಎಂದು ಮೊದಮೊದಲು ಉಸಿರು ಬಿಗಿಹಿಡಿದನೋ, ಓಗೊಡುವ ಶಕ್ತಿಯೇ ಇರಲಿಲ್ಲವೋ, ದೇವರಿಗೇ ಗೊತ್ತು. ಜೀಪು ವಾಪಸ್ ಹೋಗುವ ಸದ್ದು ಮಾತ್ರ ಅವನಿಗೆ ಕೇಳಿರಲೇಬೇಕು. ಈ ಯೋಚನೆ ನನ್ನ ನಿದ್ದೆಯನ್ನು ಎಷ್ಟೋ ಸಲ ಕೆಡಿಸಿದೆ.

ಮುದ್ದಕ್ಕ ಅವನ ಪಕ್ಕ ಕುಸಿದು ಕೂತಳು. ಮೈಮುಟ್ಟಿ ನೋಡಿದಳು. ಮತ್ತೆ ಅವಳ ಗಂಟಲಿನಿಂದ ಬಂದ ದನಿಯನ್ನು ನಾನು ಬರೆಯಲಾರೆ. ನಾನು ಜೀಪಿಗೆ ಓಡಿ ಬಂದು ಸೆಟ್ಟು ಹಿಡಿದೆ.

“ಕಂಟ್ರೋಲ್… ಮೊಬೈಲ್.”

“ಹೇಳಿ ಮೊಬೈಲ್.”

“ಸಿಕ್ಕಿದ್ರು.”

“ಹೆಂಗಿದಾರೆ? ಓವರ್.”

ಗುಂಡಿ ಒತ್ತಿಹಿಡಿದುಕೊಂಡು ಸುಮ್ಮನೆ ನಿಂತೆ. ಮುದ್ದಕ್ಕನ ಅಳು ಅದರೊಳಗೆ ಹೋಗಿರಬೇಕು. ಗುಂಡಿ ಬಿಟ್ಟೆ. ಆಮೇಲೆ ಪ್ರೇಮಲತಾ ಹೇಳಿದರು, “ಮಾಂತೇಶಣ್ಣ, ಆಯಮ್ಮನ್ನ ಒಬ್ಬಳನ್ನೇ ಬಿಡಬೇಡ.” ಅಷ್ಟು ವರ್ಷದಲ್ಲಿ ಆಕೆ ಸೆಟ್ಟಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಹೆಣ ಇಳಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಪ್ರೇಮಲತಾ ಸೆಟ್ಟನ್ನು ಗಾದ್ರಪ್ಪನಿಗೆ ವಹಿಸಿ, ಯಾರ ಅಪ್ಪಣೆಯನ್ನೂ ಕೇಳದೆ ಅಲ್ಲಿಗೆ ಬಂದರು. ಬಂದವರು ಮುದ್ದಕ್ಕನ ಕಾಲ ಬಳಿ ಕೂತುಬಿಟ್ಟರು.

“ನಂದೇ ತಪ್ಪು ಕಣಮ್ಮ. ಒಂದ್ಮಾತು ತಿರುಗಿ ಕೇಳ್ಬೇಕಿತ್ತು.”

ಮುದ್ದಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ನೀನೇನು ಮಾಡ್ತೀಯವ್ವಾ. ನಾನು ಹೇಳ್ಬೇಕಿತ್ತು,” ಎಂದಳು. “ಹೇಳಿದ್ರೆ ಏನಾಗಿಬಿಡ್ತೈತೋ ಅಂತ ಹೆದರ್ಕಂಡೆ.”

ಪೊಲೀಸಿನವನು ಪಂಚನಾಮೆ ಬರೆಯಲು ಬಂದ. ವಯಸ್ಸಾದವನು, ಒರಟನೇನಲ್ಲ. ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಕೇಳಿದ.

“ನಿನ್ನ ಹೆಸ್ರೇನಮ್ಮ?”

“ಮುದ್ದಕ್ಕ.”

“ಮುದ್ದಕ್ಕ, ಗಂಡ…?” ಎಂದು ಪೆನ್ನು ತಡೆದ.

ಅವಳಿಗೆ ಆ ಕಷ್ಟ ಬೇಡವೆಂದು ನಾನು ಬಾಯಿ ತೆರೆದೆ. ಪ್ರೇಮಲತಾ ಕೂಡ “ಸಾರ್, ನಾನು ಹೇಳ್ತೀನಿ” ಎಂದು ಎದ್ದರು. ಮುದ್ದಕ್ಕ ಕೈಯೆತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿದಳು.

“ನುಂಕಪ್ಪ,” ಎಂದಳು.

ಪೊಲೀಸಿನವನಿಗೆ ಸರಿಯಾಗಿ ಕೇಳಿಸಲಿಲ್ಲ, ತಲೆಯೆತ್ತಿದ.

“ನುಂಕಪ್ಪ. ಬರ್ಕೋರಿ ಸಾಮಿ, ನುಂಕಪ್ಪ.” ಪ್ರೇಮಲತಾ ಕಡೆಗೆ ತಿರುಗಿದಳು. “ಈಗ ಹೇಳ್ಬೋದಲ್ಲವ್ವಾ. ಇನ್ನು ಸವೆಯಾಕೆ ಆಯಸ್ಸು ಎಲ್ಲೈತೆ?”

ಪ್ರೇಮಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಮುದ್ದಕ್ಕ ಬಿಳಿ ಬಟ್ಟೆಯನ್ನು ಸ್ವಲ್ಪ ಸರಿಸಿ, ಗಂಡನ ಕಿವಿಯ ಹತ್ತಿರ ಬಾಗಿ, “ನುಂಕಪ್ಪಾ” ಎಂದು ಕರೆದಳು. ಮದುವೆಯಾದಂದಿನಿಂದ ಒಳಗೇ ಇಟ್ಟುಕೊಂಡಿದ್ದ ಆ ಹೆಸರನ್ನು ಅವಳು ಅವತ್ತು ಸಂಜೆಯವರೆಗೂ ಕರೆಯುತ್ತಲೇ ಇದ್ದಳು.